ಪೆಲುತಾನ್ ತೊರೆಯವಳು

ಸೆಲಾಯ್ ಬಾಯಿ ಬಿಟ್ಟರೆ ಸುಳ್ಳು ಎನ್ನುತ್ತಿದ್ದವರು ಅವನ ಹಗೆಗಳಲ್ಲ, ಕಟ್ಟಿಕೊಂಡ ಹೆಂಡತಿ ಉಂಗಾ. ಅದನ್ನೂ ನಗುತ್ತಲೇ ಹೇಳುತ್ತಿದ್ದಳು. ಬೋರ್ನಿಯೋದ ಆ ಮೇಲ್ಕಣಿವೆಯಲ್ಲಿ ಪೆನಾನ್ ಜನರ ಇಪ್ಪತ್ತೆರಡು ಒಲೆಗಳಿದ್ದವು. ಇಪ್ಪತ್ತೆರಡು ಒಲೆಗಳ ಮುಂದೆಯೂ ಸೆಲಾಯ್‌ಗೆ ಕೂರಲು ಜಾಗವಿತ್ತು, ಒಂದು ತುತ್ತು ಸಾಗೋ ಮರದ ಹಿಟ್ಟಿನ ಅಂಬಲಿಯೂ ಇತ್ತು.

ನಮ್ಮ ದ್ವೀಪ ಎಷ್ಟು ದೊಡ್ಡದು ಗೊತ್ತೇ ಎಂದು ಅವನು ಶುರು ಮಾಡುತ್ತಿದ್ದ. ಮೂಡಣ ಕಡಲಿನಿಂದ ಮರಿಹಂದಿಯಷ್ಟು ಮೋಡ ಹೊರಟರೆ, ಪಡುವಣ ಕಡಲು ಮುಟ್ಟುವಷ್ಟರಲ್ಲಿ ಅದಕ್ಕೆ ಕೋರೆ ಬಂದಿರುತ್ತದಂತೆ. ಅವನ ಅಜ್ಜ ಒಂದು ಹಂದಿಯ ಬೆನ್ನು ಹತ್ತಿ ನಾಲ್ಕು ನದಿ ದಾಟಿದನಂತೆ. ಒಂದೊಂದು ನದಿಯ ದಡದಲ್ಲೂ ಬೇರೆ ಬೇರೆ ಜನ, ಬೇರೆ ಬೇರೆ ಮಾತು. ನನ್ನ ಹಂದಿ ಕಂಡಿರಾ ಎಂದು ಕೇಳುವುದಕ್ಕಾಗಿಯೇ ನಾಲ್ಕು ಭಾಷೆ ಕಲಿತನಂತೆ. ಕೊನೆಗೆ ಹಂದಿ ಸಿಕ್ಕಾಗ ನೋಡಿದರೆ ಅದಕ್ಕೆ ಐದನೆಯದೂ ಬರುತ್ತಿತ್ತು.

ಇಷ್ಟು ಮಾತಾಡುವವನು ಆ ಅಜ್ಜನ ಹೆಸರನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಅಲ್ಲಿ ಯಾರೂ ಎತ್ತುವುದಿಲ್ಲ. ಸತ್ತವರ ಹೆಸರು ಹೇಳಿದರೆ ಅವರಿಗೆ ಕೇಳಿಸುತ್ತದೆ. ಕೇಳಿಸಿದರೆ ಎದ್ದು ಬರುತ್ತಾರೆ. ಬಂದರೆ ಬರಿಗೈಯಲ್ಲಿ ಹೋಗುವುದಿಲ್ಲ. ಅದಕ್ಕೇ ಯಾರಾದರೂ ತೀರಿಕೊಂಡರೆ ಗುಡಿಸಲ ಒಲೆಯ ಕೆಳಗೇ ಮಣ್ಣು ಮಾಡಿ, ಬುಟ್ಟಿ ಬೆನ್ನಿಗೇರಿಸಿ ಎಲ್ಲರೂ ಹೊರಟುಬಿಡುತ್ತಾರೆ. ಮತ್ತೆ ಅತ್ತ ಸುಳಿಯುವುದಿಲ್ಲ. ಕಲ್ಲು ನೆಡುವುದಿಲ್ಲ, ಕಂಬ ನಿಲ್ಲಿಸುವುದಿಲ್ಲ. ಎರಡು ಮೂರು ವರ್ಷದಲ್ಲಿ ಕಾಡು ಆ ಜಾಗವನ್ನು ನುಂಗಿ ಬಾಯಿ ಒರೆಸಿಕೊಳ್ಳುತ್ತದೆ. ಉಳಿಯುವುದು ಪಕ್ಕದಲ್ಲಿ ಹರಿಯುವ ತೊರೆ. ಅಲ್ಲಿಂದಾಚೆಗೆ ಸತ್ತವರನ್ನು ಆ ತೊರೆಯ ಹೆಸರಿನಿಂದಲೇ ಕರೆಯಬೇಕು. ಸೆಲಾಯ್‌ನ ಅಜ್ಜ ತೆಬಾಲ್ ತೊರೆಯವನು, ತಾಯಿ ಲುಂಗಾನ್ ತೊರೆಯವಳು. ಗುಡ್ಡದ ನೆತ್ತಿಯ ಮೇಲೆ ನಿಂತು ಬೆರಳು ಚಾಚಿದರೆ ಅವನ ಏಳು ತಲೆಮಾರು ಕೆಳಗೆ ಹರಿಯುತ್ತಿತ್ತು.

ಅವುಗಳಲ್ಲಿ ಎಲ್ಲಕ್ಕಿಂತ ಸಣ್ಣದು, ಕಣಿವೆಯ ತಳದಲ್ಲಿದ್ದ ಪೆಲುತಾನ್. ಒಂದು ನೆಗೆತಕ್ಕೆ ದಾಟಬಹುದಾದ ನೀರು. ಎಂಟು ಹಣ್ಣಿನ ಕಾಲದ ಹಿಂದೆ ಸೆಲಾಯ್‌ನ ಮಗಳು, ಹತ್ತು ವರ್ಷದವಳು, ಮೂರು ದಿನದ ಜ್ವರದಲ್ಲಿ ಅದರ ದಡದಲ್ಲಿ ಹೋಗಿಬಿಟ್ಟಳು. ಅಂದಿನಿಂದ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಒಂದೇ: ಒಲೆಯ ಹತ್ತಿರ ಇಬ್ಬರು, ಪೆಲುತಾನ್‌ನಲ್ಲಿ ಒಬ್ಬಳು. ಈ ಲೆಕ್ಕದಲ್ಲಿ ಮಾತ್ರ ಅವನು ಯಾವತ್ತೂ ಸುಳ್ಳು ಬೆರೆಸಲಿಲ್ಲ.

ಮರ ಕಡಿಯುವ ಕಂಪನಿಯ ರಸ್ತೆ ಕೆಳಗಿನ ಗುಡ್ಡದ ಸೊಂಟದವರೆಗೆ ಬಂದ ವರ್ಷ ಉಸಾತ್ ಬಂದ. ಅವನು ನದಿ ಕೆಳಗಿನ ಕೆನ್ಯಾಹ್ ಬುಡಕಟ್ಟಿನವನು, ಊರೆಲ್ಲ ಒಂದೇ ಸೂರಿನಡಿ ಬಾಳುವ ಉದ್ದಮನೆಯಲ್ಲಿ ಹುಟ್ಟಿ ಶಾಲೆ ಕಲಿತು ಪೇಟೆಯ ಕಚೇರಿಯಲ್ಲಿ ಭೂಮಿ ಅಳೆಯುವ ಕೆಲಸ ಹಿಡಿದವನು. ಒಳ್ಳೆಯ ಹುಡುಗ. ಪೆನಾನರ ಮಾತು ಬರುತ್ತಿತ್ತು, ಅಂಬಲಿಯನ್ನು ಮುಖ ಸಿಂಡರಿಸದೆ ನುಂಗುತ್ತಿದ್ದ. ಈ ಕಣಿವೆ ನಿಮ್ಮದೆಂದು ತೋರಿಸಿಕೊಟ್ಟರೆ ನಕ್ಷೆಯಲ್ಲಿ ಗೆರೆ ಬೀಳುತ್ತದೆ, ಗೆರೆಯೊಳಗೆ ಕಂಪನಿಯ ಯಂತ್ರ ಕಾಲಿಡುವಂತಿಲ್ಲ ಎಂದು ಅವನು ಬಿಡಿಸಿ ಹೇಳಿದ. ತೋರಿಸುವುದೆಂದರೆ ಹೇಗೆ? ನಿಮ್ಮ ಹಿರಿಯರು ಎಲ್ಲೆಲ್ಲಿ ಮಣ್ಣಾದರು, ಅವರ ಹೆಸರೇನು. ಅಷ್ಟು ಸಾಕು.

ಇಪ್ಪತ್ತೆರಡು ಒಲೆಯವರೂ ಸೆಲಾಯ್‌ನ ಕಡೆ ತಿರುಗಿದರು. ಮಾತಿನ ಕೆಲಸ ತಾನೇ, ಮಾತುಗಾರನೇ ಹೋಗಲಿ ಎಂದರು.

ಮೊದಲ ದಿನ ಸೆಲಾಯ್ ತೊರೆಗಳನ್ನು ತೋರಿಸಿದ. ಇದು ನಮ್ಮಜ್ಜ, ಇದು ಅವನ ತಮ್ಮ, ಆ ಬಂಡೆಯ ಹಿಂದೆ ಸದ್ದು ಮಾಡುತ್ತಿದೆಯಲ್ಲ, ಅದು ನಮ್ಮ ಸೋದರತ್ತೆ, ಬದುಕಿದ್ದಾಗಲೂ ಹೀಗೇ ವಟಗುಟ್ಟುತ್ತಿದ್ದಳು. ಉಸಾತ್ ನಕ್ಕ. ಆದರೆ ಪುಸ್ತಕದಲ್ಲಿ ತೊರೆ, ತೊರೆ, ತೊರೆ ಎಂದೇ ಬರೆದುಕೊಂಡ. ಸಂಜೆ ಬೆಂಕಿಯ ಮುಂದೆ ಪುಸ್ತಕ ಮುಚ್ಚಿ, ಹಿರಿಯರನ್ನು ಕರೆಯುವ ಹಾಗೆ ತೆಪುನ್ ಎಂದು ಕರೆದು ಹೇಳಿದ:

"ತೆಪುನ್, ನಮ್ಮೂರಲ್ಲಾದ್ರೆ ಸತ್ತೋರಿಗೆ ಮರದಷ್ಟೆತ್ತರ ಕೆತ್ತನೆ ಕಂಬ ಇರುತ್ತೆ. ಕುರುಡನೂ ತಡವಿ ನೋಡಿ ಒಪ್ಕೋತಾನೆ. ನೀವು ಬರೀ ನೀರು ತೋರಿಸ್ತೀರಿ. ನೀರನ್ನ ಕಚೇರಿಯವರು ನಂಬ್ತಾರಾ? ಹೆಸರು ಹೇಳಿ."

"ಹೇಳ್ದೆನಲ್ಲ. ತೆಬಾಲ್, ಲುಂಗಾನ್..."

"ಅವು ತೊರೆ ಹೆಸರು."

"ತೊರೆಗೆ ಹೆಸರು ಯಾಕೆ ಬೇಕಪ್ಪಾ? ಅದೇನು ಕರೆದ್ರೆ ತಿರುಗಿ ನೋಡುತ್ತಾ? ನಮಗೆ ಬೇಕು ಅಂತ ಅದು ಇಟ್ಕೊಂಡಿದೆ."

ಉಸಾತ್‌ಗೆ ಅರ್ಥವಾಯಿತು. ಅವನಿಗೆ ಅರ್ಥವಾದದ್ದರಿಂದ ಏನೂ ಬದಲಾಗುವಂತಿರಲಿಲ್ಲ. ಹೆಸರಿನ ಸಾಲು ಖಾಲಿ ಇದ್ದರೆ ಕಾಗದ ವಾಪಸ್ಸು ಬರುತ್ತದೆ, ಮಳೆ ನಿಂತ ಕೂಡಲೇ ಯಂತ್ರ ಗುಡ್ಡ ಹತ್ತುತ್ತದೆ, ಮೊದಲು ಸಿಗುವುದೇ ಪೆಲುತಾನ್ ಎಂದ.

ಮಾರನೆಯ ಬೆಳಗ್ಗೆ ಸೆಲಾಯ್ ಎದ್ದವನು ಬೇರೆ ಮನುಷ್ಯನಾಗಿದ್ದ. ಅಂದರೆ, ಹಳೆಯ ಸೆಲಾಯ್ ಆಗಿದ್ದ. ತೆಬಾಲ್ ತೊರೆಯ ದಡದಲ್ಲಿ ನಿಂತು, ನಮ್ಮಜ್ಜನ ಹೆಸರು ಬಾಲಾಂಗ್, ಎಡಗಾಲಿನಲ್ಲಿ ಆರು ಬೆರಳು, ಬರೆದುಕೋ ಎಂದ. ಲುಂಗಾನ್‌ನಲ್ಲಿ ತಾಯಿಗೊಂದು ಹೆಸರು ಕಟ್ಟಿದ. ಸೋದರತ್ತೆಗೆ ಹೆಸರಿನ ಜೊತೆ ಮೂವರು ಗಂಡಂದಿರನ್ನೂ ಕೊಟ್ಟ. ಹಂದಿ ಹೊರಳಾಡಿ ಎಬ್ಬಿಸಿದ ದಿಬ್ಬ ಕಂಡಲ್ಲೆಲ್ಲ ಗೋರಿ ಎಂದ. ನಾಲ್ಕು ದಿನದಲ್ಲಿ ಮೂವತ್ತಮೂರು ಸತ್ತವರನ್ನು ಹುಟ್ಟಿಸಿದ. ಒಬ್ಬರಿಗಿಂತ ಒಬ್ಬರು ಚೆಂದದವರು. ನಿಜವಾದ ಒಂದು ಹೆಸರೂ ಬಾಯಿಂದ ಬೀಳಲಿಲ್ಲ, ಯಾರ ನಿದ್ದೆಯೂ ಕೆಡಲಿಲ್ಲ, ಕಾಗದವೂ ತುಂಬಿತು. ಬದುಕಿನಲ್ಲಿ ಹೇಳಿದ ಅಷ್ಟೂ ಸುಳ್ಳು ಇದೊಂದು ಕೆಲಸಕ್ಕಾಗಿ ಮಾಡಿದ ತಾಲೀಮು ಎನಿಸಿತು ಅವನಿಗೆ.

ಮೂವತ್ತನಾಲ್ಕನೆಯದು ಪೆಲುತಾನ್. ಅವನು ಕೆಳಗಿಳಿಯಲಿಲ್ಲ. ಮೇಲಿನಿಂದಲೇ ತೋರಿಸಿದ. ಜರೀಗಿಡಗಳ ನಡುವೆ ನೀರು ಒಂದು ಕಡೆ ಮಾತ್ರ ಮಿನುಗುತ್ತಿತ್ತು.

ಉಸಾತ್ ಪೆನ್ಸಿಲ್ ಹಿಡಿದು ಕಾದ. ಸೆಲಾಯ್ ಒಂದೊಂದೇ ಸುಳ್ಳು ಹೆಸರನ್ನು ಮನಸ್ಸಿನಲ್ಲೇ ಹೊರಳಿಸಿ ನೋಡಿದ. ಇನ್ನೊಬ್ಬರ ಮಗುವನ್ನು ಎತ್ತಿ ತನ್ನ ಮಗಳ ಜಾಗದಲ್ಲಿ ಮಲಗಿಸಿದ ಹಾಗಾಯಿತು.

"ಲಿಸಿನ್" ಎಂದ ಕೊನೆಗೆ. ಆರು ಬೆರಳು, ಮೂವರು ಗಂಡಂದಿರು, ಏನನ್ನೂ ಸೇರಿಸಲಿಲ್ಲ.

ಉಸಾತ್ ಹೋದ ಮೇಲೆ ಸೆಲಾಯ್ ಒಲೆ ಒಲೆಗೂ ಹೋಗಿ ಎಲ್ಲರಿಗೂ ಹೆಸರುಗಳನ್ನು ಬಾಯಿಪಾಠ ಮಾಡಿಸಿದ. ಜನ ಬಿದ್ದುಬಿದ್ದು ನಕ್ಕರು. ಸತ್ತ ದೊಡ್ಡಪ್ಪನಿಗೆ ಅಷ್ಟು ಒಳ್ಳೆಯ ಹೆಸರು ಸಿಕ್ಕಿತು, ಬದುಕಿರುವ ನಮಗೂ ಒಂದೊಂದು ಕೊಡು ಎಂದು ಛೇಡಿಸಿದರು. ಇಪ್ಪತ್ತೊಂದು ಒಲೆಗೆ ಹೋದ. ತನ್ನ ಒಲೆಯ ಮುಂದೆ ಮಾತ್ರ ಆ ಮಾತು ತೆಗೆಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಉಂಗಾ ಬಿದಿರ ಕವೆಯಲ್ಲಿ ಅಂಟಂಟಾದ ಅಂಬಲಿ ಸುತ್ತಿ ಕೊಡುವಾಗ ಅವಳ ಮುಖ ನೋಡಿದ, ನಾಡಿದ್ದು ಎಂದುಕೊಂಡ. ಹೆಂಗಸರನ್ನು ಕಚೇರಿಯಲ್ಲಿ ಯಾರು ಕೇಳುತ್ತಾರೆ ಎಂದೂ ಸಮಾಧಾನ ಮಾಡಿಕೊಂಡ.

ಕಚೇರಿಯಲ್ಲಿ ಕೇಳಿದರು.

ಎರಡು ದಿನ ನಡೆದು, ಒಂದು ದಿನ ದೋಣಿಯಲ್ಲಿ ಕೂತು, ಒಂಬತ್ತು ಜನ ಪೇಟೆಗೆ ಇಳಿದಿದ್ದರು. ಮೇಜಿನ ಹಿಂದೆ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಮಾತು ತಿರುಗಿಸಿ ಹೇಳಲು ಉಸಾತ್. ಸೆಲಾಯ್ ಬಾಗಿಲ ಹತ್ತಿರ ಬೆಂಚಿನ ಮೇಲೆ ಸರದಿ ಕಾಯುತ್ತ, ಬಾಲಾಂಗ್, ಎಡಗಾಲು, ಆರು ಬೆರಳು ಎಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ. ಅಧಿಕಾರಿ ಪಟ್ಟಿಯನ್ನು ಕೆಳಗಿನಿಂದ ಓದಲು ಶುರು ಮಾಡಿದ. ರಸ್ತೆಗೆ ಎಲ್ಲಕ್ಕಿಂತ ಹತ್ತಿರದ್ದು ಪೆಲುತಾನ್. ಅಲ್ಲಿ ಮಣ್ಣಾದವಳ ತಾಯಿ ಇಲ್ಲೇ ಇದ್ದಾಳೆಂದರೆ ಅವಳೇ ಹೇಳಲಿ ಎಂದ.

ಉಂಗಾ ಎದ್ದು ನಿಂತಳು. ಉಸಾತ್ ಮೃದುವಾಗಿಯೇ ಕೇಳಿದ.

"ಅಮ್ಮಾ, ಪೆಲುತಾನ್ ಹತ್ರ ನಿಮ್ಮ ಮಗಳು ಲಿಸಿನ್‌ನ ಮಣ್ಣು ಮಾಡಿದ್ರಿ, ಹೌದಲ್ವಾ?"

ಉಂಗಾ ಅವನನ್ನೇ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಸೆಲಾಯ್ ಕಣ್ಣಲ್ಲೇ ಬೇಡಿಕೊಂಡ, ಹೌದೆನ್ನು, ತಲೆ ಒಂದು ಸಲ ಅಲ್ಲಾಡಿಸು ಎಂದು. ಅವನು ಏನು ಮಾಡಿದ್ದಾನೆಂದು ಅವಳಿಗೆ ತಿಳಿಯಿತು. ತಿಳಿದದ್ದು ಅವನಿಗೂ ಕಂಡಿತು.

"ಆ ಹೆಸರಿನ ಮಗಳು ನನಗಿಲ್ಲ" ಎಂದಳು ಉಂಗಾ. "ಯಾವತ್ತೂ ಇರ್ಲಿಲ್ಲ."

ಉಸಾತ್ ಅದನ್ನು ತಿರುಗಿಸಿ ಹೇಳಲು ತಡಮಾಡಿದ. ತಡಮಾಡಿದರೂ ಹೇಳಲೇಬೇಕಾಯಿತು. ಅಧಿಕಾರಿ ಪೆನ್ನು ಕೆಳಗಿಟ್ಟ. ಹಾಗಾದರೆ ನಿನ್ನ ಮಗಳ ಹೆಸರೇನು, ಈಗಲೇ ಹೇಳು, ತಿದ್ದಿಕೊಳ್ಳುತ್ತೇನೆ ಎಂದ. ಕೆಟ್ಟ ಮನುಷ್ಯನೇನಲ್ಲ ಅವನು. ಎರಡು ಸಲ ಕೇಳಿದ. ಉಂಗಾ ತುಟಿ ಬಿಚ್ಚಲಿಲ್ಲ.

ಆಗ ಸೆಲಾಯ್ ಬೆಂಚಿನಿಂದ ಎದ್ದು ಹೇಳಿಬಿಟ್ಟ.

ಎಂಟು ವರ್ಷದಿಂದ ಯಾರ ಬಾಯಲ್ಲೂ ಬಾರದ ಆ ಹೆಸರನ್ನು, ಉಂಗಾ ಇಟ್ಟ ಹೆಸರನ್ನು, ಗಟ್ಟಿಯಾಗಿ ಹೇಳಿದ. ಅದನ್ನು ಇಲ್ಲಿ ಬರೆಯುವುದು ಬೇಡ. ಜೊತೆಗೆ ಬಂದಿದ್ದವರು ಕಿವಿ ಮುಚ್ಚಿಕೊಂಡರು. ಇಬ್ಬರು ಎದ್ದು ಹೊರಗೆ ಹೋದರು. ಉಂಗಾ ಕಿವಿ ಮುಚ್ಚಲಿಲ್ಲ. ಬಾಗಿಲ ಕಡೆ ತಿರುಗಿ ನಿಂತಳು, ಯಾರೋ ಒಳಗೆ ಬರುತ್ತಾರೆಂದು ಕಾಯುವವಳ ಹಾಗೆ.

ಅಧಿಕಾರಿ ಕಾಗದ ನೋಡಿದ. ಒಂದೇ ಮಗಳಿಗೆ ಎರಡು ಹೆಸರು, ತಾಯಿ ಒಪ್ಪದ ಒಂದು, ತಾಯಿ ಹೇಳದ ಇನ್ನೊಂದು. ಉಳಿದ ಮೂವತ್ತಮೂರರ ಗತಿಯೂ ಇಷ್ಟೇ ಇರಬೇಕೆಂದ. ಆಮೇಲೆ ಸೆಲಾಯ್‌ನನ್ನು ಕೂರಿಸಿ ಅಜ್ಜನ ಬಗ್ಗೆ ಕೇಳಿದರೆ, ಅವನು ಬಲಗಾಲಿನಲ್ಲಿ ಆರು ಬೆರಳು ಎಂದ. ಉಸಾತ್ ತಲೆ ತಗ್ಗಿಸಿದ. ಕಾಗದದ ಮೇಲೆ ಅಡ್ಡಗೆರೆ ಬಿತ್ತು.

ಮೆಟ್ಟಿಲಿಳಿಯುವಾಗ ಉಸಾತ್ ಓಡಿಬಂದು ಸೆಲಾಯ್‌ನ ತೋಳು ಹಿಡಿದ.

"ತೆಪುನ್, ಎರಡನೇ ಸಲ ಹೇಳಿದ್ರಲ್ಲ, ಅದು ನಿಜವಾದ ಹೆಸರು ತಾನೇ?"

"ನನ್ನ ಬಾಯಿಂದ ಬಂತಲ್ಲ ತಮ್ಮಾ" ಎಂದ ಸೆಲಾಯ್. "ಯಾರು ನಂಬ್ತಾರೆ?"

ದೋಣಿ ಇಳಿದ ಮೇಲೆ ಉಂಗಾ ಮುಂದೆ ನಡೆದಳು. ಮುಂದೆ ಹೋಗುವವರು ಹಾದಿ ಕವಲೊಡೆದಲ್ಲಿ ಒಂದು ಕಡ್ಡಿ ನೆಟ್ಟು, ಅದರ ಸೀಳಿಗೆ ಮಡಿಚಿದ ಎಲೆ ಸಿಕ್ಕಿಸಿ ಹೋಗುತ್ತಾರೆ. ಈ ಕಡೆ ಹೋಗಿದ್ದೇವೆ, ಬೇಗ ಬಾ, ಹಸಿವಾಗಿದೆ, ಎಲ್ಲವನ್ನೂ ಎಲೆಯೇ ಹೇಳುತ್ತದೆ. ನಲವತ್ತು ವರ್ಷದಲ್ಲಿ ಉಂಗಾ ಒಂದು ಕವಲನ್ನೂ ತಪ್ಪಿಸಿರಲಿಲ್ಲ. ಜಗಳವಾಡಿದ ದಿನವೂ ಎಲೆ ಇರುತ್ತಿತ್ತು, ಮುಳ್ಳಿನ ಎಲೆ ಇಡುತ್ತಿದ್ದಳು ಅಷ್ಟೇ. ಸೆಲಾಯ್ ಮೊದಲನೆಯ ಕವಲಿನಲ್ಲಿ ನೋಡಿದ. ಎರಡನೆಯದರಲ್ಲಿ ನೆಲದ ಮೇಲೆ ಬಾಗಿ ಹುಡುಕಿದ. ಮೂರನೆಯದರಲ್ಲಿ ಹುಡುಕುವುದನ್ನು ಬಿಟ್ಟ.

ಗುಡಿಸಲು ತಲುಪಿದಾಗ ಅವಳು ಒಲೆಯ ಹತ್ತಿರ ಇನ್ನೊಂದು ಚಾಪೆ ಹಾಸಿದ್ದಳು. ಸಣ್ಣದು, ಮಕ್ಕಳದು.

"ಕರೆದ್ಯಲ್ಲ" ಎಂದಳು. "ಬಂದ್ರೆ ಎಲ್ಲಿ ಮಲಗ್ತಾಳೆ?"

ಅದಾದ ಮೇಲೆ ಅವಳು ಅವನ ಜೊತೆ ಬೇಕಾದಷ್ಟು ಮಾತಾಡಿದಳು. ಸೌದೆ ಬೇಕು, ಮಳೆ ಬಂತು, ನಾಯಿಗೆ ಹುಣ್ಣಾಗಿದೆ. ಆದರೆ ಸುಳ್ಳ ಎಂದು ನಗುತ್ತ ಬೈಯಲಿಲ್ಲ. ಬೈಯುವ ಹಾಗೆ ಅವನೂ ಏನನ್ನೂ ಹೇಳಲಿಲ್ಲ. ಜನ ಒಲೆಯ ಮುಂದೆ ಜಾಗ ಬಿಟ್ಟು ಕರೆದರು. ಅವನು ಹೋದ, ಕೂತ, ಕೊಟ್ಟದ್ದು ತಿಂದು ಎದ್ದು ಬಂದ. ಕಣಿವೆಯಲ್ಲಿ ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಜನಕ್ಕೆ ಬರೀ ಕಪ್ಪೆಗಳ ಸದ್ದು ಕೇಳಿಸಿತು.

ಚಾಪೆಯ ಮೇಲೆ ಯಾರೂ ಮಲಗಲಿಲ್ಲ. ಬೆಳಗಾದರೆ ಉಂಗಾ ಅದನ್ನು ಕೊಡವಿ ಮತ್ತೆ ಹಾಸುತ್ತಿದ್ದಳು.

ಮಳೆ ನಿಂತಿತು. ಹಳದಿ ಯಂತ್ರಗಳು ಗುಡ್ಡ ಹತ್ತಿದವು. ಪೆಲುತಾನ್‌ಗೆ ಅವು ದೊಡ್ಡ ಅನ್ಯಾಯವನ್ನೇನೂ ಮಾಡಲಿಲ್ಲ, ಅದು ಅಲ್ಲಿದೆಯೆಂದು ಅವಕ್ಕೆ ಗೊತ್ತೇ ಆಗಲಿಲ್ಲ. ಮೇಲಿನ ಗುಡ್ಡ ಕಡಿದ ಕೆಂಪು ಮಣ್ಣನ್ನು ಕೆಳಕ್ಕೆ ತಳ್ಳಿದವು, ಮಣ್ಣು ತಗ್ಗನ್ನು ತುಂಬಿತು, ಅದರ ಮೇಲೆ ರಸ್ತೆ ಹಾದುಹೋಯಿತು. ಸೆಲಾಯ್ ಹೋಗಬಾರದ ಜಾಗಕ್ಕೆ ಹೋದ. ರಸ್ತೆಯ ಮೇಲೆ ಮಂಡಿಯೂರಿ ಕಿವಿ ಇಟ್ಟು ಕೇಳಿದ. ನೀರು ಎಲ್ಲಿಯಾದರೂ ಒಂದು ಕಡೆ ಹೊರಬಂದೀತೆಂದು ಇಳಿಜಾರಿನುದ್ದಕ್ಕೂ ಮೂರು ದಿನ ಹುಡುಕಿದ. ಅಂಗೈಯಗಲದ ಒದ್ದೆ ಮಣ್ಣೂ ಸಿಗಲಿಲ್ಲ. ಲಾರಿಯವರು ಆ ತಿರುವಿಗೆ ಒಂದು ಹಲಗೆ ನೆಟ್ಟು ಮೂವತ್ತೊಂದು ಎಂದು ಬರೆದರು. ಅಷ್ಟು ಕಿಲೋಮೀಟರ್ ಅಂತೆ.

ಕಣಿವೆಯವರೂ ಈಗ ಹಾಗೇ ಅನ್ನುತ್ತಾರೆ. ಮೂವತ್ತೊಂದರ ಹತ್ತಿರ ಹಂದಿ ಕಂಡಿತು, ಮೂವತ್ತೊಂದರಲ್ಲಿ ಲಾರಿ ಮಗುಚಿತು.

ಮರುವರ್ಷ ಉಂಗಾಳ ಕಣ್ಣಿಗೆ ಪೊರೆ ಬಂತು. ಪೇಟೆಯ ಆಸ್ಪತ್ರೆಗೆ ಹೋಗಲು ಇಬ್ಬರೂ ಮರ ಸಾಗಿಸುವ ಒಂದು ಲಾರಿಯ ಮುಂದಿನ ಸೀಟು ಹತ್ತಿದರು. ಚಾಲಕ ಪಡುವಣ ಕರಾವಳಿಯವನು, ವಾಚಾಳಿ. ದಾರಿಯುದ್ದಕ್ಕೂ ತನ್ನೂರಿನ ಮೀನಿನ ಬಗ್ಗೆ ಸುಳ್ಳು ಹೇಳಿದ. ದೋಣಿಗಿಂತ ದೊಡ್ಡ ಮೀನಂತೆ, ಅದರ ಬೆನ್ನ ಮೇಲೆ ಅವನ ಮಾವ ಬಾಳೆ ಬೆಳೆಯುತ್ತಿದ್ದನಂತೆ. ಚೆನ್ನಾಗಿಯೇ ಹೇಳುತ್ತಿದ್ದ. ಮೂವತ್ತೊಂದರ ಹಲಗೆ ಹತ್ತಿರ ಬಂದಾಗ ಗೇರ್ ಬದಲಿಸಿ, ಮಾತಿಗೆ ಮಾತೆಂಬಂತೆ ಕೇಳಿದ:

"ಮಕ್ಕಳೆಷ್ಟು ಅಜ್ಜ, ನಿಮಗೆ?"

ಸೆಲಾಯ್‌ನ ನಾಲಿಗೆ ಅಭ್ಯಾಸದಂತೆ ಹೊರಟಿತು. ಒಲೆಯ ಹತ್ತಿರ ಇಬ್ಬರು ಎಂದ. ಮುಂದಿನದಕ್ಕೆ ಬಾಯಿ ತೆರೆದಿತ್ತು. ಉಂಗಾ ಪೊರೆ ಬಂದ ಕಣ್ಣನ್ನು ಅವನ ಕಡೆ ತಿರುಗಿಸಿ ಕಾದಳು. ಮಗಳ ಹೆಸರು ಹೇಳುವ ಹಾಗಿಲ್ಲ, ಒಮ್ಮೆ ಹೇಳಿ ಆಗಿದೆ. ಪೆಲುತಾನ್ ಎನ್ನೋಣವೆಂದರೆ ಆ ಹೆಸರಿಗೆ ಈಗ ನೀರಿಲ್ಲ. ಲಾರಿ ಕೆಂಪು ಮಣ್ಣಿನ ಮೇಲೆ ಕುಲುಕುತ್ತ ತಿರುವು ದಾಟಿತು.

"ಇಬ್ಬರೇ" ಎಂದ ಸೆಲಾಯ್.

"ಒಳ್ಳೇದಾಯ್ತು, ಸಣ್ಣ ಸಂಸಾರ" ಎಂದು ಚಾಲಕ ಮತ್ತೆ ಮೀನಿನ ಕಥೆಗೆ ಮರಳಿದ.