ಒಣಗಲು ಕಳಿಸಿದ ಕೈ

ಸಣ್ಣತಾಯಿಯ ಬೆರಳುಗಳ ಸಂದಿನಲ್ಲಿ ಚರ್ಮ ಕಿತ್ತು ಬಂದ ದಿನ ಕಾರ್ಖಾನೆಯವರು ಅವಳ ಜಾಗದಲ್ಲಿ ಬೇರೊಬ್ಬಳನ್ನು ಕೂರಿಸಿ, ಅವಳನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದರು. ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಅವು ತನ್ನವಲ್ಲವೇನೋ ಎಂಬಂತೆ, ಅವಳು ಗೇಟು ದಾಟಿ ಹೋದಳು. ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡಿದ್ದ ಆ ಕೈಗಳನ್ನು ನಾನು ಮರೆತಿಲ್ಲ.

ನಮ್ಮದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಹಬೆಯಾಡುವ ನೀರಿನ ಬೇಸಿನ್ನಿನ ಮುಂದೆ ಕೂತು, ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಎಳೆ ಹುಡುಕಿ ರಾಟೆಗೆ ಕೊಡುವುದು ನಮ್ಮ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲೇ. ಚರ್ಮ ಮೊದಲು ಸುಕ್ಕಾಗುತ್ತಿತ್ತು, ಆಮೇಲೆ ಬಿರಿಯುತ್ತಿತ್ತು, ಹುಳದ ನೀರು ಸೇರಿ ಕೀವು ಕಟ್ಟುತ್ತಿತ್ತು. ಆಗ ಮೇಸ್ತ್ರಿ ಗವಿರಂಗಪ್ಪ ಬಗ್ಗಿ ನೋಡಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಕೈ ಒಣಗಿಸ್ಕೊಂಡು ಬಾ." ಹಾಗೆ ಹೋದವರಲ್ಲಿ ಬಹಳ ಮಂದಿ ತಿರುಗಿ ಬರಲೇ ಇಲ್ಲ. ಗೌರಿ ಹಬ್ಬದೊಳಗೆ ಬರದಿದ್ದರೆ ಸಣ್ಣತಾಯಿಯ ಹೆಸರನ್ನೂ ಹೊಡೆದುಹಾಕುವುದಾಗಿ ಅವನು ಹೇಳಿದ್ದ.

ನಾವು ಗೇಟಿನ ಮುಂದೆ ಧರಣಿ ಕೂತು ಒಬ್ಬ ಡಾಕ್ಟರನ್ನು ಕೇಳಿದ್ದೆವು. ಬಂದದ್ದು ಒಬ್ಬ ನರ್ಸು. ಆಕೆಗೆ ಬಾಯ್ಲರ್ ಪಕ್ಕದ ಸಾಮಾನು ಕೋಣೆಯಲ್ಲಿ ಒಂದು ಮೇಜು. "ಡಾಕ್ಟ್ರು ಕೇಳಿದ್ರೆ ಬ್ಯಾಂಡೇಜು ಕಳಿಸವ್ರೆ" ಎಂದು ಆಡಿಕೊಂಡು ನಕ್ಕವಳು ನಾನೇ. ಆ ಜುಬೇದಾ ಸಿಸ್ಟರೇ ಸಣ್ಣತಾಯಿಗೆ ಮುಲಾಮು ಕೊಟ್ಟು, ಮನೆಯಲ್ಲಿ ವಿಶ್ರಾಂತಿ ತಗೊಳ್ಳಲು ಹೇಳಿದ್ದರು. ವಾರಗಳು ಕಳೆದರೂ ಗಾಯ ಮಾಯಲಿಲ್ಲ.

"ಅಂಥ ದೊಡ್ಡ ಗಾಯ ಅಲ್ಲ ಅದು," ಎಂದರು ಸಿಸ್ಟರ್ ಒಂದು ದಿನ ನನ್ನನ್ನು ನಿಲ್ಲಿಸಿ. "ಮನೇಲಿ ಕೂತಿರೋಳಿಗೆ ಯಾಕೆ ವಾಸಿ ಆಗ್ತಿಲ್ಲ?"

"ನಮ್ಮ ಬೀದೀಲೇ ಅವಳ ಮನೆ. ಬನ್ನಿ, ನೋಡ್ಕೊಂಡು ಬರಾಣ," ಎಂದೆ.

ಭಾನುವಾರ ಹೋದೆವು. ಹಿತ್ತಲಿನ ಕಲ್ಲಿನ ಮುಂದೆ ಸಣ್ಣತಾಯಿ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕಡೆ ಬಟ್ಟೆಯ ರಾಶಿ, ಇನ್ನೊಂದು ಕಡೆ ಪಾತ್ರೆಯ ರಾಶಿ. ಮೊಣಕೈವರೆಗೆ ಸೋಪಿನ ನೊರೆ. ನಮ್ಮನ್ನು ಕಂಡು ಎದ್ದು ಕೈಗಳನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡಳು. ನಾನು ಕಂಡೆ. ಗೇಟು ದಾಟಿದಾಗ ಹೇಗಿದ್ದವೋ ಹಾಗೇ ಇದ್ದವು, ಅದೇ ಬಿಳುಪು.

ಬಾಗಿಲಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅವಳ ಅತ್ತೆ ಸಂತೋಷದಿಂದಲೇ ಕರೆದಳು. "ಬನ್ನಿ, ಕೂತ್ಕಳಿ. ಈಗ ಮನೇಲೇ ಅವ್ಳಲ್ಲ, ಎಲ್ಲಾ ಅವಳೇ ನೋಡ್ಕತಾಳೆ. ನಂಗೂ ಒಸಿ ಸೊಂಟ ನೆಟ್ಟಗಾಯ್ತು."

"ಮುಂಚೆ ಯಾರು ಮಾಡ್ತಿದ್ರಮ್ಮ ಇದೆಲ್ಲ?" ಎಂದು ಸಿಸ್ಟರ್ ಕೇಳಿದರು.

"ಎಲ್ರೂ ಅಷ್ಟಷ್ಟು. ನಾನು ಪಾತ್ರೆ, ನನ್ನ ಮಗ ನೀರು, ದೊಡ್ಡ ಸೊಸೆ ಬಟ್ಟೆ. ಇವಳು ಪ್ಯಾಕ್ಟ್ರಿಗೆ ಹೋಗೋಳಲ್ವ."

ಸಿಸ್ಟರ್ ಸಣ್ಣತಾಯಿಯ ಕೈಗಳನ್ನು ಹಿಂದಿನಿಂದ ತಂದು, ತಿರುಗಿಸಿ ನೋಡಿದರು. "ಇಲ್ಲಿಗೆ ಕಳಿಸಿದ್ದು ನಾನೇ," ಎಂದರು ನನ್ನ ಕಡೆ ತಿರುಗಿ. "ಒಣಗಲಿ ಅಂತ."

"ಪ್ಯಾಕ್ಟ್ರಿ ನೀರು ಸಂಜೆಗಾದ್ರೂ ಮುಗೀತಿತ್ತು ಸಿಸ್ಟರೇ," ಎಂದಳು ಸಣ್ಣತಾಯಿ. "ಇಲ್ಲಿ ಸಂಜೆ ಅನ್ನೋದೇ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆಂದು ಬಾಯಿ ತೆರೆದವಳು, ಅಡಿಕೆ ಹಿಡಿದಿದ್ದ ಮುದುಕಿಯ ಬೆರಳುಗಳನ್ನು ಕಂಡು ಸುಮ್ಮನಾದೆ. ಅವೂ ಬಿರಿದಿದ್ದವು.

ಸೋಮವಾರ ಸಿಸ್ಟರ್ ನೇರವಾಗಿ ನಮ್ಮ ಬೇಸಿನ್ನುಗಳ ಸಾಲಿಗೇ ಬಂದು ಮೇಸ್ತ್ರಿಯ ಎದುರು ನಿಂತರು.

"ಸಣ್ಣತಾಯಿ ನಾಳೆಯಿಂದ ಕೆಲಸಕ್ಕೆ ಬರ್ತಾಳೆ."

"ಕೈ ವಾಸಿಯಾಯ್ತಾ?"

"ಇಲ್ಲ."

"ವಾಸಿಯಾಗ್ದೆ ಒಳಗೆ ಬಿಡಕ್ಕಾಗಲ್ಲ ಸಿಸ್ಟರ್."

"ಒಳಗೆ ಬಿಡ್ದೆ ವಾಸಿಯಾಗಲ್ಲ ಗವಿರಂಗಪ್ಪನೋರೆ. ಮಹಡಿ ಮೇಲೆ ಗೂಡು ಆರಿಸೋ ಮೇಜಿಗೆ ಕೂರ್ಸಿ. ಅಲ್ಲಿ ನೀರಿಲ್ಲ."

ಮೇಸ್ತ್ರಿ ನಕ್ಕ. "ಇದೇನು ಆಸ್ಪತ್ರೆ ಅಂದ್ಕೊಂಡ್ರಾ?"

"ಗಾಯ ಮಾಡೋ ಜಾಗ ಆಗ್ಯದಲ್ಲ ಮೇಸ್ತ್ರಣ್ಣ," ಎಂದೆ ನಾನು ಕೂತಲ್ಲಿಂದಲೇ. "ಮಾಯಿಸೋ ಜಾಗಾನೂ ಆಗ್ಲಿ ಬಿಡು." ಹೇಳಿ ನನ್ನ ರಾಟೆ ನಿಲ್ಲಿಸಿದೆ. ಪಕ್ಕದವಳದೂ ನಿಂತಿತು. ಅದರ ಪಕ್ಕದ್ದು, ಅದರ ಆಚೆಯದ್ದು. ಅಷ್ಟು ದೊಡ್ಡ ಹಜಾರದಲ್ಲಿ ಹಬೆ ಬುಸುಗುಡುವುದೊಂದೇ ಕೇಳಿಸುತ್ತಿತ್ತು.

"ಸರಿ ಮಾರಾಯ್ತಿ, ಬರ್ಲಿ. ತಿರುಗ್ಸಿ, ತಿರುಗ್ಸಿ," ಎಂದ ಮೇಸ್ತ್ರಿ.

ಹೀಗೆ ಸಣ್ಣತಾಯಿ ಗಾಯದ ಕೈಯಲ್ಲೇ ಕೆಲಸಕ್ಕೆ ಬಂದಳು. ಮಹಡಿಯಲ್ಲಿ ಕಿಟಕಿಯ ಬಿಸಿಲು ಮೇಜಿನ ಮೇಲೇ ಬೀಳುತ್ತಿತ್ತು. ಕಲೆಯ ಗೂಡು, ಜೋಡಿ ಗೂಡುಗಳನ್ನು ಬೇರೆ ಮಾಡುತ್ತ ಅವಳು ದಿನವಿಡೀ ಒಣಗಿದ ಕೈಯಲ್ಲಿ ಕೂತಿರುತ್ತಿದ್ದಳು. ಸೊಸೆ ಸಂಬಳಕ್ಕೆ ಹೊರಟಳೆಂದು ಮನೆಯವರು ಮೊದಲಿನಂತೆ ಪಾತ್ರೆ, ಬಟ್ಟೆ ಹಂಚಿಕೊಂಡರು. ಗುರುವಾರಕ್ಕೊಮ್ಮೆ ಸಿಸ್ಟರ್ ಕೈ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅವಳು ತಾನೇ ಜಡೆ ಹೆಣೆದುಕೊಂಡು ಬಂದಳು. ಅಲ್ಲಿಯವರೆಗೆ ವಾರಗಿತ್ತಿ ಹೆಣೆದುಕೊಡಬೇಕಿತ್ತು. "ಸೊಟ್ಟಗದೆ ಕಣೆ," ಎಂದೆ. "ಇರ್ಲಿ ಬಿಡಕ್ಕ, ನಂದೇ ಸೊಟ್ಟ," ಎಂದು ನಕ್ಕಳು.

ಮನೆಯಲ್ಲಿ ಕೊಳೆಯುತ್ತಿದ್ದ ಉಳಿದವರಿಗೂ ಸಿಸ್ಟರ್ ಹೇಳಿಕಳಿಸಿದರು. ಬಿರಿದ ಕೈ ಮಹಡಿಗೆ, ಮಾಯ್ದ ಮೇಲೆ ಅರ್ಧ ದಿನ ಬೇಸಿನ್ನಿಗೆ, ಆಮೇಲೆ ಪೂರ್ತಿ ದಿನ ಎಂಬುದು ಪದ್ಧತಿಯಾಯಿತು. ತಿಂಗಳುಗಟ್ಟಲೆ ಕಾಣದಿದ್ದ ಮುಖಗಳು ಒಂದೊಂದಾಗಿ ಗೇಟಿನಲ್ಲಿ ಕಾಣಿಸಿಕೊಂಡವು.

ಗೌರಿ ಹಬ್ಬ ಹತ್ತಿರ ಬಂದಾಗ ಮಾರುಕಟ್ಟೆಯಲ್ಲಿ ಗೂಡು ಸುರಿಯಿತು. ನನ್ನ ಹೆಬ್ಬೆರಳು ಬಿರಿದು ನಾನೂ ಆಗ ಮಹಡಿಯಲ್ಲೇ ಇದ್ದೆ. ಮೇಸ್ತ್ರಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಸಣ್ಣತಾಯಿ, ಕೆಳಗೆ ನಡಿ. ಬೇಸಿನ್ನು ಖಾಲಿ ಬಿದ್ದವೆ."

ಅವಳ ಬೆರಳ ಸಂದಿನಲ್ಲಿ ಹೊಸ ಚರ್ಮ ಎಳೆ ಮಗುವಿನದರಂತೆ ತೆಳ್ಳಗೆ ಕೆಂಪಗಿತ್ತು. "ಗುರುವಾರ ಸಿಸ್ಟರು ನೋಡ್ತಾರೆ ಮೇಸ್ತ್ರಣ್ಣ. ಹೂಂ ಅಂದ್ರೆ ಅರ್ಧ ದಿನ ಕೂರ್ತೀನಿ."

"ಸಿಸ್ಟರು ಸಂಬಳ ಕೊಡ್ತಾಳಾ? ಆಗಲ್ಲ ಅಂದ್ರೆ ಮನೆಗೆ ನಡಿ."

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ಸಣ್ಣತಾಯಿ ಏಳಲಿಲ್ಲ. ದನಿ ಏರಿಸಲೂ ಇಲ್ಲ.

"ಬೇಸಿನ್ನಿಗೂ ಬರಕ್ಕಿಲ್ಲ," ಎಂದಳು. "ಮನೆಗೂ ಹೋಗಕ್ಕಿಲ್ಲ."

ರಾಶಿಯಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಹುಳ ಕೊಳೆತು ಒಳಗೆ ಅಂಟಿದ್ದರೆ ಸದ್ದು ಬರುವುದಿಲ್ಲ. ಇದು ಗಲಗಲ ಎಂದಿತು. ಅದನ್ನು ಒಳ್ಳೆಯ ಗೂಡುಗಳ ಕಡೆಗಿಟ್ಟು, ಮೇಸ್ತ್ರಿ ಅಲ್ಲೇ ನಿಂತಿರುವಂತೆಯೇ, ಇನ್ನೊಂದಕ್ಕೆ ಕೈ ಚಾಚಿದಳು.