ಇದರಲ್ಲಿ ನಿಮ್ಮ ಕೈ ಇದೆ

ಮೈಕಿನ ತುದಿಯ ಸ್ಪಂಜು ಹರಿದಿದೆ, ಯಾರೋ ಉಗುರಿನಿಂದ ಕಿತ್ತು ಕಿತ್ತು ಇಲಿ ತಿಂದ ಹಾಗೆ ಮಾಡಿದ್ದಾರೆ — ಯಾರೋ ಏನು ಬಂತು, ನಾನೇ, ಇಪ್ಪತ್ತೈದು ವರ್ಷ ಇದೇ ಕುರ್ಚಿ, ವಿರೋಧಪಕ್ಷದ ಕೊನೆಯ ಸಾಲು, ಕಂಬದ ಮರೆ, ನಾಳೆಯಿಂದ ಇದು ನನ್ನದಲ್ಲ, ಈ ಸಲ ನಾನು ನಿಲ್ಲುತ್ತಿಲ್ಲ, ಮಂಡಿ ಕೇಳುವುದಿಲ್ಲ — ಇನ್ನಿಬ್ಬರ ವಿದಾಯದ ಭಾಷಣ ಮುಗಿದರೆ ನನ್ನ ಸರದಿ, ಐದು ನಿಮಿಷ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ನನಗೆ ಬೇಕಾದದ್ದು ಒಂದೇ ವಾಕ್ಯ, ಅದು ಬಾಯಿಗೆ ಬಂದರೆ. ಎದುರು ಮೂರನೆಯ ಸಾಲಿನಲ್ಲಿ ಅವರು ಕೂತಿದ್ದಾರೆ, ಒಂದು ಕಾಲದ ನೀರು ಸರಬರಾಜು ಮಂತ್ರಿ, ಎಂಬತ್ತು ದಾಟಿದೆ, ಅವರಿಗೂ ಇದು ಕೊನೆಯ ದಿನ, ಕೋಟು ಹಾಗೇ ಇದೆ, ಒಳಗಿನ ಮನುಷ್ಯ ಚಿಕ್ಕವರಾಗಿದ್ದಾರೆ, ಕಾಲರು ಹಿಂದೆ ಎದ್ದು ನಿಂತಿದೆ, ನನ್ನ ಕೈಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ, ಹನ್ನೆರಡು ವರ್ಷ ಕಾಲರು ಹೊಲಿದವಳು ನಾನು, ಸಮವಸ್ತ್ರದ ಕಾರ್ಖಾನೆಯಲ್ಲಿ, ನಲವತ್ತು ಹೆಂಗಸರು, ಎಲ್ಲ ನಮ್ಮ ಜನವೇ, ನಮ್ಮ ಮನೆಮಾತು ಮೇಲ್ವಿಚಾರಕನಿಗೆ ಒಂದಕ್ಷರ ತಿಳಿಯದು, ನಾವು ಅವನನ್ನು ನಗುನಗುತ್ತ ಬೈಯುತ್ತಿದ್ದೆವು, ಹೊಗಳುತ್ತಿದ್ದಾರೆಂದು ಅವನೂ ನಗುತ್ತಿದ್ದ — ಆ ನಲವತ್ತು ಜನ ಸೇರಿ, ನೀನು ಹೋಗೇ, ನಿನ್ನ ಬಾಯಿ ಜೋರು, ಎಂದು ನನ್ನನ್ನು ಇಲ್ಲಿಗೆ ನೂಕಿದರು, ಸಭೆಯ ಭಾಷೆ ಆಗ ನನಗೆ ಅರ್ಧಂಬರ್ಧ, ಅವರನ್ನು ನೆನೆಯದೆ ಒಂದು ದಿನವೂ ಈ ಮೆಟ್ಟಿಲು ಹತ್ತಿಲ್ಲ.

ನಮ್ಮ ಮನೆಮಾತಿನಲ್ಲಿ ಧನ್ಯವಾದ ಎಂಬ ಶಬ್ದವಿಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ, ಉಪಕಾರ ಮಾಡಿದವರಿಗೆ ನಾವು, ಇದರಲ್ಲಿ ನಿಮ್ಮ ಕೈ ಇದೆ, ನಾವು ಕಂಡೆವು, ಎನ್ನುತ್ತೇವೆ, ಅಷ್ಟೇ. ನಾನು ಗೆದ್ದ ಮೊದಲ ವರ್ಷ ನಮ್ಮ ಓಣಿಗೆ ನಲ್ಲಿ ಬಂತು, ನಾವು ಮೂವತ್ತು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದ ನಲ್ಲಿ, ಯಾವ ಪಕ್ಷ, ಯಾವ ಜನ ಎಂದು ಕೇಳದೆ ಎದುರು ಕೂತಿರುವ ಇವರೇ ಹಾಕಿಸಿದರು, ಬಕೆಟ್ಟು ತುಂಬಿದ ಮೇಲೂ ಅಮ್ಮ ನೀರಿಗೆ ಕೈಯೊಡ್ಡಿಕೊಂಡು ನಿಂತೇ ಇದ್ದಾಳೆ, ಸಭೆಯಲ್ಲಿ ಎಲ್ಲರ ಎದುರಿಗೇ ಅವರಿಗೆ ಹೇಳು ಅನ್ನುತ್ತಾಳೆ, ನಾನು ಏಳುತ್ತೇನೆ, ಸಭೆಯ ಶಬ್ದ ನೆನಪಾಗದೆ ಮನೆಮಾತನ್ನೇ ತಿರುಗಿಸಿ ಹೇಳಿಬಿಟ್ಟೆ — ಅಧ್ಯಕ್ಷರೇ, ನಮ್ಮ ಓಣಿಯ ನಲ್ಲಿ ಕೆಲಸದಲ್ಲಿ ಮಂತ್ರಿಗಳ ಕೈ ಇದೆ, ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಇಲ್ಲಿ ಕೈ ಇದೆ ಎಂದರೆ ಕೈವಾಡ ಎಂದು ನನಗೇನು ಗೊತ್ತು, ನಮ್ಮ ಪಕ್ಷದವರು ಮೇಜು ದಬದಬ ಬಡಿದರು, ರಾಜೀನಾಮೆ ರಾಜೀನಾಮೆ, ಆ ಕಡೆಯವರು ಎದ್ದು ಕೂಗಿದರು, ಇಷ್ಟೊಂದು ಸಂತೋಷವೇ ಎಂದು ನಾನು ಮಂತ್ರಿಗಳನ್ನು ನೋಡಿ ನಕ್ಕೆ, ಅದನ್ನು ಸವಾಲು ಅಂದುಕೊಂಡರು, ಮಾರನೆಯ ದಿನ ಪತ್ರಿಕೆಯಲ್ಲಿ ನನಗೊಂದು ಅಡ್ಡಹೆಸರು, ಕೆಂಡ. ಪಕ್ಷದ ಹಿರಿಯರಿಗೆ, ನಾವೆಲ್ಲ ದೊಡ್ಡಪ್ಪ ಎನ್ನುತ್ತಿದ್ದವರಿಗೆ, ನಿಜ ಹೇಳಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಬಾಗಿಲು ಮುಚ್ಚಿ ಬಂದು, ಬಾಯಿ ಬಿಡಬೇಡಮ್ಮ, ನಿಮ್ಮ ಜನಾನ ಇಲ್ಲಿ ಯಾರೂ ತಿರುಗಿ ನೋಡ್ತಿರಲಿಲ್ಲ, ಇವತ್ತು ನೋಡ್ತಿದಾರೆ, ಎಂದರು. ನಾನು ಬಾಯಿ ಬಿಡಲಿಲ್ಲ. ಹನ್ನೊಂದು ತಿಂಗಳು ತನಿಖೆ, ಏನೂ ಸಿಗಲಿಲ್ಲ, ಸಿಗುವುದಕ್ಕೆ ಏನಿತ್ತು, ಅಷ್ಟರಲ್ಲಿ ಮಂತ್ರಿಗಳ ಖಾತೆ ಇನ್ನೊಬ್ಬರ ಪಾಲಾಗಿತ್ತು, ಅವರು ಮತ್ತೆ ಮಂತ್ರಿಯಾಗಲೇ ಇಲ್ಲ, ನಾನು ಐದು ಸಲ ಗೆದ್ದೆ, ಕೆಂಡ ಎದ್ದಳು ಎಂದರೆ ಅಧಿಕಾರಿಗಳು ಗಡಿಬಿಡಿಯಲ್ಲಿ ಕಡತ ಹುಡುಕುತ್ತಿದ್ದರು, ನಮ್ಮ ಶಾಲೆ, ನಮ್ಮ ಭಾಷೆಯ ಪಠ್ಯಪುಸ್ತಕ, ಆಸ್ಪತ್ರೆಗೆ ನಮ್ಮ ಮಾತು ಬಲ್ಲ ನರ್ಸು, ಎಲ್ಲ ಆ ಹೆದರಿಕೆಯಿಂದಲೇ ಬಂದದ್ದು, ಹಾಗಾದರೆ ಅವೆಲ್ಲದರಲ್ಲೂ ಇವರ ಕೈ ಇದೆ, ಇವರಿಗೇ ಗೊತ್ತಿಲ್ಲದೆ. ಅಮ್ಮ ಮಾತ್ರ ಪ್ರತಿ ಅಧಿವೇಶನ ಮುಗಿದಾಗಲೂ ಕೇಳುತ್ತಿದ್ದಳು, ಹೇಳಿದ್ಯೇನೇ, ಇನ್ನೂ ಇಲ್ಲಮ್ಮ, ಹೇಳೇ, ದಿನಾ ನೀರು ಕುಡೀತೀವಲ್ಲ. ಅವಳು ಹೋದ ದಿನ ಆ ಕಡೆಯ ಪಕ್ಷದಿಂದ ಬಂದವರು ಇವರೊಬ್ಬರೇ, ಓಣಿಯಲ್ಲಿ ನಡೆದುಕೊಂಡೇ ಬಂದು, ನೀರು ಸರಿಯಾಗಿ ಬರ್ತಿದೆಯಾ ಎಂದರು, ಬರ್ತಿದೆ ಸಾರ್ ಎಂದೆ, ಅಷ್ಟೇ ಎಂದೆ, ನಾಲಿಗೆಗೆ ಏನಾಗಿತ್ತೋ.

ನನ್ನ ಹೆಸರು ಕರೆದರು. ಚುನಾವಣೆಗೆ ಮೂರು ವಾರ, ನನ್ನ ಜಾಗಕ್ಕೆ ನಿಂತಿರುವ ನಮ್ಮ ಹುಡುಗಿ ಕೆಂಡದ ಶಿಷ್ಯೆ ಎಂದು ಹೇಳಿಕೊಂಡೇ ಮನೆಮನೆ ತಿರುಗುತ್ತಿದ್ದಾಳೆ, ಈಗ ಹೇಳಿದರೆ ಕೆಂಡ ಬೂದಿ, ಅವಳ ಗತಿ ಏನು, ಹೇಳದಿದ್ದರೆ ಈ ಮನುಷ್ಯ ಈ ಕಳಂಕ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ, ಮಂಡಿ ಕಟಕ್ ಎಂದಿತು, ಎದ್ದಿದ್ದೇನೆ, ಮೈಕಿನ ಕೆಂಪು ದೀಪ ಹತ್ತಿದೆ — ಅಧ್ಯಕ್ಷರೇ, ಅವತ್ತು ನಾನು ಆರೋಪ ಮಾಡಿರಲಿಲ್ಲ, ನಮ್ಮಲ್ಲಿ ಅದು ಧನ್ಯವಾದ, ಭಾಷೆ ಬರದೆ ಹಾಗಾಯಿತು, ತಿಳಿದ ಮೇಲೂ ಸುಮ್ಮನಿದ್ದೆ, ಅದು ನನ್ನ ತಪ್ಪು — ಹೇಳಿಯೇ ಬಿಟ್ಟೆ, ಆದರೆ ದನಿ ಸ್ಪಂಜಿನೊಳಗೇ ಹೂತುಹೋಯಿತು, ಯಾರೂ ಮೇಜು ಬಡಿಯಲಿಲ್ಲ, ಪಕ್ಕದ ಕುರ್ಚಿಯಿಂದ ನಮ್ಮ ಪಕ್ಷದವರೇ ಒಬ್ಬರು ಸೆರಗು ಜಗ್ಗುತ್ತಿದ್ದಾರೆ, ಕೂತ್ಕೊಳಮ್ಮ, ಸಾಕು ಕೂತ್ಕೊ, ಎದುರು ಅವರು ಪಕ್ಕದವರನ್ನು ಏನಂದ್ಲು ಎಂದು ಕೇಳುತ್ತಿದ್ದಾರೆ, ಪಕ್ಕದವರು ಕಾಗದ ನೋಡುತ್ತ ಕೂತಿದ್ದಾರೆ, ಅವರು ನನ್ನ ಕಡೆ ಬಗ್ಗಿ ಬಲಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಿದ್ದಾರೆ, ಇನ್ನೊಂದ್ಸಲ ಹೇಳಮ್ಮ, ಕೇಳಿಸ್ಲಿಲ್ಲ, ಮುಖದಲ್ಲಿ ಯಾವ ಕಹಿಯೂ ಇಲ್ಲ, ನಾನೇನೋ ಒಳ್ಳೆಯದು ಹೇಳಿರಬೇಕು ಎಂಬ ನಂಬಿಕೆ, ಸೆರಗು ಬಿಡಿಸಿಕೊಂಡೆ, ಮೈಕು ಹತ್ತಿರ ಎಳೆದುಕೊಂಡೆ, ನಾಲ್ಕು ಬೆರಳು ಕೂಡಿಸಿ ಬಾಗಿಸಿದ ಕೈ, ಇಳಿಯುವುದಿಲ್ಲ, ಕಿವಿಯ ಹಿಂದೆ ಆ ಕೈ, ನನ್ನ ಮಾತಿಗಾಗಿ ಹಿಡಿದ ಕೈ —