ಗಾಳದ ಗಂಟು

"ಇದು ಗಾಳಿಪಟದ್ದಲ್ಲೇನವ್ವ?"

ತಿಮ್ಮಪ್ಪ ಬಾಲ್ಕನಿಯ ಮೂಲೆಯಿಂದ ಫಿರ್ಕಿಯೊಂದನ್ನು ಎತ್ತಿ ಹಿಡಿದಿದ್ದರು. ಎರಡೂ ಬದಿಗೆ ಹಿಡಿಕೆಯಿದ್ದ ಮರದ ರಾಟೆ. ಸೂರತ್ತಿನಲ್ಲಿ ಸಂಕ್ರಾಂತಿ ಬಂತೆಂದರೆ ಮಕ್ಕಳು ಮಾಂಜಾ ದಾರ ಸುತ್ತಿಕೊಳ್ಳುವಂಥದ್ದು. ಇದಕ್ಕೆ ಸುತ್ತಿದ್ದು ಮಾತ್ರ ನೈಲಾನ್ ಎಳೆ. ಬೆಳಗಿನ ಬಿಸಿಲಿನಲ್ಲಿ ಅದು ಇದ್ದೂ ಇಲ್ಲದಂತೆ ಮಿನುಗುತ್ತಿತ್ತು.

"ಗಾಳದ್ದು, ಮಾವ. ಹಬ್ಬ ಮುಗಿದ ಮೇಲೆ ರಸ್ತೇಲಿ ಬಿಸಾಕಿರ್ತಾರಲ್ಲ, ಅದರಲ್ಲಿ ಒಂದನ್ನ ಆರಿಸ್ಕೊಂಡು ಬಂದಿದ್ರು," ಎಂದಳು ವಿಂಧ್ಯಾ.

ಮಾವ ಹಿಡಿಕೆಗಳನ್ನು ಎರಡು ಬೆರಳುಗಳ ಮೇಲೆ ಇಟ್ಟು ರಾಟೆಯನ್ನು ಒಮ್ಮೆ ತಳ್ಳಿದರು. ಅದು ಸದ್ದಿಲ್ಲದೆ ತಿರುಗಿತು. "ಎಣ್ಣಿ ಬಿಟ್ಟಾನ," ಎಂದರು. ಮಗ ಹಾಲೇಶ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಿನ್ನೆ ಹರಿಹರದಿಂದ ಬಂದಿಳಿದ ಮೇಲೆ ಅವರು ಅವನ ಬಗ್ಗೆ ಆಡಿದ ಮೊದಲ ಮಾತು ಅದು.

ಅವರು ಬಂದದ್ದು ಸೊಸೆಯನ್ನು ಊರಿಗೆ ಕರೆದೊಯ್ಯಲು. ನಾಳೆಯ ಗಾಡಿಗೆ ಎರಡು ಟಿಕೀಟು ಅವರ ಅಂಗಿಯ ಜೇಬಿನಲ್ಲಿದ್ದವು. ವಿಂಧ್ಯಾಳಿಗೂ ಒಂದು ಮಾತು ಹೇಳುವುದಿತ್ತು. ಇಲ್ಲಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿಗೆ ಫೆಬ್ರವರಿಯಿಂದ ಕೆಲಸಕ್ಕೆ ಬರುತ್ತೇನೆಂದು ಅವಳು ಒಪ್ಪಿಕೊಂಡಿದ್ದಳು. ಅದನ್ನು ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ "ಚಹಾ ಮಾಡ್ಲಾ ಮಾವ?" ಎಂಬ ಮಾತು ಹೊರಬೀಳುತ್ತಿತ್ತು. ಅವರು ಬೇಡವೆನ್ನದೆ ನಿನ್ನೆಯಿಂದ ಕುಡಿಯುತ್ತಲೇ ಇದ್ದರು.

"ಇದನ್ನ ಎಲ್ಲಿಗೆ ಒಯ್ತಿದ್ದ?"

"ವ್ಯಾರಾ ಅಂತ ಊರು ದಾಟಿ, ಕಾಡೊಳಗೆ ಒಂದು ಹಳ್ಳ ಇದೆ. ಭಾನುವಾರ ಹೋಗ್ತಿದ್ವಿ."

"ನೀನೂ?"

"ನಾನೂ."

ತಿಮ್ಮಪ್ಪ ಎದುರಿನ ಬೇವಿನ ಮರವನ್ನು ನೋಡಿದರು. ಕೊಂಬೆಗಳಿಗೆ ಸಿಕ್ಕಿಕೊಂಡ ಹರಿದ ಗಾಳಿಪಟಗಳು ಇನ್ನೂ ಅಲ್ಲಾಡುತ್ತಿದ್ದವು. "ಇವತ್ತು ಭಾನುವಾರಲ್ಲೇನು?" ಎಂದರು.

ಅರ್ಧ ಕಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ ಅವಳು ಬಿಸ್ಕತ್ತಿನ ಡಬ್ಬಿಯನ್ನು ಹೊರತೆಗೆದಳು. ಹಾಲೇಶನಿಗೆ ಅಂಗಡಿಯ ಸಾಮಾನು ಹಿಡಿಸುತ್ತಿರಲಿಲ್ಲ. ಕೊಕ್ಕೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನ ಕೈಯಲ್ಲೇ ಆಗಬೇಕು. ನವಿಲುಗರಿಯ ದಂಟನ್ನು ಕೊಯ್ದು ಮಾಡಿದ ತೇಲುಗಡ್ಡಿಗಳು; ಅವುಗಳ ತುದಿಗೆ ಅವಳದೇ ಕೆಂಪು ನೇಲ್ ಪಾಲಿಶ್. ಜರಿ ಅಂಗಡಿಯವರು ಗುಡಿಸಿ ಎಸೆಯುವ ತುಂಡು ಎಳೆಗಳಿಂದ ಕೋಳಿಪುಕ್ಕ ಬಿಗಿದು ಮಾಡಿದ ಸುಳ್ಳು ಹುಳುಗಳು. ಬಟಾಣಿ ಗಾತ್ರದ ಸೀಸದ ಗುಂಡುಗಳು. ನೀರಿನಲ್ಲಿ ಮರಿಮೀನಿನಂತೆ ಮಿನುಗಲೆಂದು ಹಿಡಿ ಕತ್ತರಿಸಿ ತೂತು ಕೊರೆದ ಒಂದು ಸ್ಟೀಲ್ ಚಮಚ.

"ಇದು ನಿನ್ನ ಮದುವಿ ಚಮಚ," ಎಂದರು ತಿಮ್ಮಪ್ಪ, ಮೇಲಿನ ಹೂವಿನ ಗುರುತು ನೋಡಿ.

"ಆರರಲ್ಲಿ ನಾಲ್ಕು ಹೋಯ್ತು."

"ಪುಣ್ಯವಂತಿ ನೀನು. ನಮ್ಮನ್ಯಾಗ ಒಂದೂ ಉಳಿಸಿದ್ದಿಲ್ಲ. ಪಾಯಸ ಮಾಡಿದ್ರ ಬೆರಳಲ್ಲೇ ನೆಕ್ಕಬೇಕಿತ್ತು."

ವಿಂಧ್ಯಾ ನಕ್ಕಳು. ನಕ್ಕ ಸದ್ದು ಪಕ್ಕದ ಮನೆಯಿಂದ ಬಂದಂತೆ ಕೇಳಿತು. ಸೆಪ್ಟೆಂಬರಿನಿಂದ ಅವಳಿಗೆ ಎಲ್ಲವೂ ಹೀಗೇ. ತನ್ನ ಕೈ ಪಾತ್ರೆ ತೊಳೆಯುವುದನ್ನು, ತನ್ನ ಕಾಲು ಮೆಟ್ಟಿಲಿಳಿಯುವುದನ್ನು ಅವಳು ನೋಡುತ್ತಿರುತ್ತಿದ್ದಳು.

ಕೆಳಗಿನ ಮನೆಯ ಹೇಮಲತಾಬೆನ್ ಬಾಗಿಲಲ್ಲಿ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದರು. ಮನೆ ಅವರದು. ಫಿರ್ಕಿ ಹಿಡಿದು ಹೊರಟ ಹಾಲೇಶನಿಗೆ ಪ್ರತಿ ವಾರ "ಮಚ್ಛೀ ಘರ್ ನಹೀಂ ಲಾನಾ, ಹಾಂ?" ಮೀನು ಮನೆಗೆ ತರಬೇಡ ಎನ್ನುತ್ತಿದ್ದರು, ಅವನು ಕಿವಿ ಹಿಡಿದು ತೋರಿಸುತ್ತಿದ್ದ. ಇಂದು ಫಿರ್ಕಿ ಮುದುಕರ ಕೈಯಲ್ಲಿತ್ತು. ಹೇಮಲತಾಬೆನ್ ಅದನ್ನು ನೋಡಿದರು. "ಸಂಭಾಳಿನೆ ಜಜೊ," ಹುಷಾರಾಗಿ ಹೋಗಿಬನ್ನಿ ಎಂದು ಗುಜರಾತಿಯಲ್ಲಿ ಹೇಳಿ ಸೊಪ್ಪಿನ ಕಡೆ ತಿರುಗಿದರು.

ಬಸ್ಸು ಊರು ದಾಟುವವರೆಗೂ ಗಿರಣಿಗಳ ಹೊಗೆಕೊಳವೆಗಳು ಹಿಂದೆ ಸರಿಯುತ್ತಿದ್ದವು. ಪಾಂಡೇಸರಾ ಬಡಾವಣೆಯ ಅಂಥದೇ ಒಂದು ಗಿರಣಿಯಲ್ಲಿ ಹಾಲೇಶ ಸೀರೆಗಳಿಗೆ ಬಣ್ಣ ಹಾಕಿಸುವ ಕೆಲಸದಲ್ಲಿದ್ದ. ಸಂಜೆ ಅವನ ಉಗುರು ನೋಡಿದರೆ ಅಂದಿನ ಬಣ್ಣ ಯಾವುದೆಂದು ತಿಳಿಯುತ್ತಿತ್ತು. ನೀಲಿ ಉಗುರಿನಲ್ಲಿ ಅನ್ನ ಕಲಸುತ್ತಿದ್ದ. ಕೊನೆಯ ದಿನ ಆಸ್ಪತ್ರೆಯಲ್ಲಿ ಅವು ಕೇಸರಿಯಾಗಿದ್ದವು. ಜ್ವರದವನ ಕೈಗೆ ಯಾರೋ ಹಬ್ಬಕ್ಕೆಂದು ಗೋರಂಟಿ ಹಚ್ಚಿದಂತಿತ್ತು.

"ನಿನ್ನ ರೂಮಿಗೆ ಸುಣ್ಣ ಹೊಡಿಸೀನಿ," ಎಂದರು ತಿಮ್ಮಪ್ಪ. "ನಿಮ್ಮತ್ತಿ ಕಿಟಕೀಗೆ ಪರದಿ ಹಾಕ್ಯಾಳ. ಹಸಿರಂದು. ನಿನಗ ಹಸಿರು ಸೇರ್ತತಿ ಅಂತ ಆಕೀಗೆ ಯಾರು ಹೇಳಿದ್ರೋ."

ವಿಂಧ್ಯಾ ತಲೆಯಾಡಿಸಿದಳು. ಅತ್ತೆ ಗಿರಿಜಮ್ಮ ಸ್ಟೂಲು ಹತ್ತಿ ಪರದೆ ಸಿಕ್ಕಿಸುವುದು ಕಣ್ಣಿಗೆ ಬಂತು. ಹೇಳಬೇಕಾದ ಮಾತು ಇನ್ನಷ್ಟು ಕೆಳಗಿಳಿಯಿತು.

ತಿಮ್ಮಪ್ಪ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು. "ಡಾಕ್ಟ್ರು ನೀರಿಂದ ಬಂದ ಜ್ವರ ಅಂದ್ರಂತಲ್ಲ. ಈ ಹಳ್ಳದ ನೀರಾ?"

"ಗೊತ್ತಿಲ್ಲ ಮಾವ. ಆ ವಾರ ನಮ್ಮ ಓಣೀಲೂ ಮೊಣಕಾಲುದ್ದ ನೀರು ನಿಂತಿತ್ತು. ಯಾವ ನೀರು ಅಂತ ಯಾರೂ ಹೇಳ್ಲಿಲ್ಲ."

ತಿಮ್ಮಪ್ಪ ಮಡಿಲಲ್ಲಿದ್ದ ಫಿರ್ಕಿಯನ್ನು ಒಮ್ಮೆ ತಿರುಗಿಸಿದರು.

ಬಸ್ಸಿಳಿದು ತೇಗದ ಮರಗಳ ನಡುವೆ ನಡೆದರು. ಒಣಗಿದ ದೊಡ್ಡ ಎಲೆಗಳು ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿದ್ದವು. ಇಬ್ಬರು ನಡೆಯುವ ಸದ್ದು ಹತ್ತು ಜನ ನಡೆದಂತೆ ಕೇಳುತ್ತಿತ್ತು. ಆಮೇಲೆ ಇಳಿಜಾರು, ಬಿದಿರು ಮೆಳೆ, ಅದರಾಚೆ ಹಳ್ಳ. ಮಳೆಗಾಲದ ರಭಸವೆಲ್ಲ ಹೋಗಿ ಈಗ ಕಲ್ಲಿನಿಂದ ಕಲ್ಲಿಗೆ ಸಣ್ಣಗೆ ಹರಿದು, ಬಂಡೆಯೊಂದರ ಬುಡದಲ್ಲಿ ಮಡುವಾಗಿ ನಿಂತಿತ್ತು. ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿ. ಗಿರಣಿಯ ಬಣ್ಣಗಳಿಂದ ಕಣ್ಣು ತೊಳೆದುಕೊಳ್ಳಲು ಬರುತ್ತೇನೆ ಎನ್ನುತ್ತಿದ್ದ ಹಾಲೇಶ.

ತಿಮ್ಮಪ್ಪ ದಡದಲ್ಲಿ ಸುಮ್ಮನೆ ನಿಂತರು. ನೀರನ್ನು ಬೈಯಲು ಬಂದವರು ಮರೆತು ನಿಂತ ಹಾಗಿತ್ತು. ಆಮೇಲೆ ಚಪ್ಪಲಿ ಬಿಟ್ಟು, ಬಗ್ಗಿ, ಎರಡು ಬೊಗಸೆ ನೀರನ್ನು ಮುಖಕ್ಕೆ ಹಾಕಿಕೊಂಡರು.

ಬಂಡೆಯ ಸಂದಿಯಲ್ಲಿ ಕೋಲುಗಳು ಹಾಗೆಯೇ ಇದ್ದವು, ಜೇಡನ ಬಲೆ ಹೊದ್ದು. ಉದ್ದದ್ದು ಹಾಲೇಶನದು, ಪಿನ್ನು ಬಗ್ಗಿಸಿ ಕಟ್ಟಿದ ಬಳೆಗಳಲ್ಲಿ ದಾರ ಹಾಯುತ್ತಿತ್ತು. ಗಿಡ್ಡದ್ದು ಅವಳಿಗೆಂದು ಮಾಡಿದ್ದು. ಅವಳು ಅದನ್ನು ಮುಟ್ಟಿರಲಿಲ್ಲ. ಅವಳ ಕೆಲಸವಿದ್ದದ್ದು ಗಂಟು ಹಾಕಿ ಕೊಡುವುದು; ಆಮೇಲೆ ಬಂಡೆಯ ಮೇಲೆ ಕೂತು ಪುಸ್ತಕ ಓದುವುದು, ಓದುತ್ತಾ ನಿದ್ದೆ ಹೋಗುವುದು.

ತಿಮ್ಮಪ್ಪ ಫಿರ್ಕಿಯನ್ನು ಉದ್ದ ಕೋಲಿನ ಬುಡಕ್ಕೆ ಸಿಕ್ಕಿಸಿ, ಎಳೆಯನ್ನು ಬಳೆಗಳಲ್ಲಿ ತೂರಿಸಿ, ತೇಲುಗಡ್ಡಿ ಪೋಣಿಸಿ, ಎಳೆಯ ತುದಿಯನ್ನೂ ಒಂದು ಕೊಕ್ಕೆಯನ್ನೂ ಅವಳ ಕಡೆ ಚಾಚಿದರು. ವಿಂಧ್ಯಾ ತೆಗೆದುಕೊಂಡಳು. ಎಳೆಯನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ಅದರ ಮೈಗೇ ಸುತ್ತಿ, ತುದಿಯನ್ನು ಹಿಂದಕ್ಕೆ ನುಸುಳಿಸಿ, ಎಂಜಲು ಹಚ್ಚಿ ಮೆಲ್ಲಗೆ ಬಿಗಿದಳು. ಹೆಚ್ಚಾದ ತುದಿಯನ್ನು ಹಲ್ಲಿನಿಂದ ಕಡಿದು ಉಗಿದಳು.

ಮಾವ ಆ ಗಂಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಹೇಳಿಕೊಟ್ಟಾನ."

"ತನ್ನ ಗಾಳಕ್ಕೆ ತಾನೇ ಗಂಟು ಹಾಕ್ಕೊಬಾರ್ದು, ಜೊತೇಲಿದ್ದೋರು ಹಾಕ್ಬೇಕು, ಅದು ನಮ್ಮ ಮನೆ ಪದ್ಧತಿ ಅಂತಿದ್ರು. ನನ್ನ ಎಬ್ಬಿಸಿ ಕರ್ಕೊಂಡು ಬರೋಕೆ ಕಟ್ಟಿದ ಕತೆ ಅಂದ್ಕೊಂಡಿದ್ದೆ."

"ಕತಿ ಅಲ್ಲವ್ವ. ನಮ್ಮಪ್ಪನ ಕಾಲದಿಂದ ಐತಿ. ಒಬ್ಬನ ನೀರಿಗೆ ಹೋಗಬಾರ್ದು ನೋಡು, ಅದಕ್ಕ. ಗಂಟು ಹಾಕಾಕ ಅಂತ ಆದ್ರೂ ಒಬ್ರು ಬೇಕಾಗ್ತಾರಲ್ಲ." ಅವರು ಮನೆಯಿಂದ ತಂದಿದ್ದ ಕಣಕದ ಪುಟ್ಟ ಉಂಡೆಯನ್ನು ಕೊಕ್ಕೆಗೆ ಸಿಕ್ಕಿಸಿದರು. "ನನಗ ನಿಮ್ಮತ್ತಿ ಹಾಕೋಳು. ಮನ್ಯಾಗ ಜಗಳ ಆಗಿತ್ತಂದ್ರ ಸಡಲ ಹಾಕಿ ಕೊಡೋಳು. ತುಂಗಭದ್ರಿ ಮೀನೆಲ್ಲ ನನ್ನ ಕೊಕ್ಕಿ ಮೂಗುತಿ ಮಾಡಿಕೊಂಡು ತಿರುಗ್ತಿದ್ವು."

ಗಾಳ ನೀರಿಗೆ ಬಿತ್ತು. ಹೊತ್ತು ಹರಿಯುವುದನ್ನು ಬಿಟ್ಟು ಮಡುವಿನಂತೆ ನಿಂತುಕೊಂಡಿತು. ಬಿಸಿಲು ನೀರಿನಿಂದ ಚಿಮ್ಮಿ ಬಂಡೆಯ ಹೊಟ್ಟೆಯ ಮೇಲೆ ಬಲೆ ಹೆಣೆಯುತ್ತಿತ್ತು. ವಿಂಧ್ಯಾ ತನ್ನ ಹಳೆಯ ಜಾಗದಲ್ಲಿ ಕೂತು ಅರೆಗಣ್ಣು ಮುಚ್ಚಿದಳು. ಕೋಲು ಹಿಡಿದ ಬೆನ್ನು, ಒಂದು ಕಡೆಗೆ ಇಳಿದ ಭುಜ, ಮೇಲಕ್ಕೆ ಮಡಚಿದ ಪ್ಯಾಂಟು. ಅರೆಗಣ್ಣಿನಲ್ಲಿ ಆ ಬೆನ್ನಿಗೆ ವಯಸ್ಸೇ ಇರಲಿಲ್ಲ. ಆ ಬೆನ್ನಿಗೇ ಅವಳು ಹೇಳಿದಳು.

"ಒಂದನೇ ತಾರೀಕು ಕೆಲಸಕ್ಕೆ ಸೇರ್ತೀನಿ ಅಂದಿದೀನಿ. ಇಲ್ಲೇ, ಒಂದು ಕಾಲೇಜಲ್ಲಿ. ನಾನು ಊರಿಗೆ ಬರಲ್ಲ."

ಬೆನ್ನು ತಿರುಗಲಿಲ್ಲ. ಮರಕುಟುಕವೊಂದು ಎಲ್ಲೋ ಕುಟ್ಟಿ ನಿಲ್ಲಿಸಿತು.

"ಒಬ್ಬಾಕೀನ?"

"ಹೂಂ."

ಆಗಲೇ ತೇಲುಗಡ್ಡಿ ಮುಳುಗಿತು. ತಿಮ್ಮಪ್ಪನ ಮಣಿಕಟ್ಟು ತಾನಾಗಿಯೇ ಮೇಲೆದ್ದಿತು. ಫಿರ್ಕಿ ಅತ್ತ ಸ್ವಲ್ಪ ಓಡಿ ಇತ್ತ ತಿರುಗಿತು. ಅಂಗೈಯುದ್ದದ ಮೀನು, ಪಕ್ಕೆಯಲ್ಲಿ ಸಾಲಾಗಿ ನೀಲಿ ಚುಕ್ಕೆ. ಕೊಕ್ಕೆ ಬಿಡಿಸಿ ಅವರು ಅದನ್ನು ಒದ್ದೆ ಕೈಯಲ್ಲಿ ಹಿಡಿದರು.

"ಅವ ಏನು ಮಾಡ್ತಿದ್ದ?"

"ಬಿಟ್ಬಿಡ್ತಿದ್ರು. ಹೇಮಲತಾಬೆನ್‌ಗೆ ಮಾತು ಕೊಟ್ಟಿದ್ರಲ್ಲ."

"ಇಷ್ಟು ದೂರ ಬಂದು?" ಅವರ ದನಿಯಲ್ಲಿ ನಿಜವಾದ ನೋವಿತ್ತು. "ಹುರಿದ್ರ ಹೆಂಗಿರ್ತತಿ ಗೊತ್ತೇನು ಇದು?" ಮೀನು ಅವರ ಬೆರಳುಗಳ ನಡುವೆ ಬಾಯಿ ತೆರೆದು ಮುಚ್ಚಿತು. ಅವರು ಕೂತು, ಕೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಇಳಿಸಿ, ಬೆರಳು ಬಿಚ್ಚಿದರು. ಮೀನು ಹೋಗಲಿಲ್ಲ. ಅಂಗೈ ಮೇಲೆಯೇ ಸ್ವಲ್ಪ ಹೊತ್ತು ಉಸಿರಾಡಿಕೊಂಡಿತು. ಆಮೇಲೆ ಅಂಗೈ ಬರಿದಾಗಿತ್ತು. ಅವರು ಕೈಯನ್ನು ನೀರಿನಲ್ಲೇ ಬಿಟ್ಟುಕೊಂಡು ಕೂತಿದ್ದರು.

ವಿಂಧ್ಯಾ ಬಂಡೆಯಿಂದ ಇಳಿದಳು. ಗಿಡ್ಡ ಕೋಲಿನ ಜೇಡನ ಬಲೆಯನ್ನು ಸೆರಗಿನಿಂದ ಒರೆಸಿದಳು. ತುದಿಗೆ ಕಟ್ಟಿದ್ದ ದಾರ ಗಟ್ಟಿಯಾಗಿಯೇ ಇತ್ತು. ಕಡ್ಡಿ ಪೋಣಿಸಿದಳು, ಸೀಸದ ಗುಂಡು ಅದುಮಿದಳು, ಡಬ್ಬಿಯಿಂದ ಒಂದು ಕೊಕ್ಕೆ ಆರಿಸಿಕೊಂಡಳು.

ತಿಮ್ಮಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದರು. "ತಾ."

ಅವಳು ಕೊಡಲಿಲ್ಲ. ಎಳೆಯನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿದಳು. ಇನ್ನೊಬ್ಬರ ಗಾಳಕ್ಕೆ ಕಣ್ಣು ಮುಚ್ಚಿ ಹಾಕುತ್ತಿದ್ದ ಗಂಟು. ಈಗ ಬೆರಳು ಒಂದೆರಡು ಕಡೆ ತಡವರಿಸಿತು. ಸುತ್ತಿದಳು, ನುಸುಳಿಸಿದಳು, ಎಂಜಲು ಹಚ್ಚಿ ಬಿಗಿದಳು. ಹೆಚ್ಚಾದ ತುದಿ ಮೀಸೆಯಂತೆ ಹೊರಚಾಚಿತ್ತು.

"ನೀನ ಹಾಕ್ಕಂಡ್ಯಾ," ಎಂದರು ತಿಮ್ಮಪ್ಪ.

ಅವಳು ತಲೆಯಾಡಿಸಿದಳು. ಮಾವನ ಕೈ ಇನ್ನೂ ಚಾಚಿಯೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬದಲು ಅವರು ಕೊಕ್ಕೆಯನ್ನೇ ಎರಡು ಬೆರಳಿನಲ್ಲಿ ಹಿಡಿದು ಎಳೆದರು. ಇನ್ನೊಮ್ಮೆ, ಜಗ್ಗಿ ಎಳೆದರು. ಗಂಟು ಜಾರಲಿಲ್ಲ. ಮುಂದಿನ ಹಲ್ಲುಗಳು ಅವರಿಗೆ ಇರಲಿಲ್ಲ. ಮುಖವನ್ನು ಓರೆ ಮಾಡಿ, ಹೊರಚಾಚಿದ ತುದಿಯನ್ನು ದವಡೆ ಹಲ್ಲಿಗೆ ಕೊಟ್ಟು ಕಡಿದರು.

"ನಿಮ್ಮತ್ತಿಗೆ ನಾನ ಹೇಳ್ತೀನಿ," ಎಂದರು, ಎಳೆಯ ತುಣುಕನ್ನು ನಾಲಿಗೆಯಿಂದ ತೆಗೆಯುತ್ತಾ. "ನೀನು ಫೋನ್ ಮಾಡಾಕ ಹೋಗಬ್ಯಾಡ."

ತಮ್ಮ ನೆರಳು ನೀರಿನ ಮೇಲೆ ಬೀಳದಂತೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. ವಿಂಧ್ಯಾ ಗಾಳ ಬೀಸಿದಳು. ನವಿಲುಗರಿಯ ಕಡ್ಡಿ ಮೊದಲು ನೀರಿನ ಮೇಲೆ ಅಡ್ಡಬಿತ್ತು. ಆಮೇಲೆ ಕೆಳಗಿನ ಭಾರ ಎಳೆದಂತೆಲ್ಲ ನಿಧಾನವಾಗಿ ಎದ್ದು ನಿಂತಿತು.